ನ್ಯಾಮತಿಯ ಹಂಡೆ ಹೊತ್ತು ಹವಳದ ಬಂಡೆಗೆ

ಹುಸ್ಸ್… ಟಪ್. ಹುಸ್ಸ್… ಟಪ್.

ಇದು ಯಾವ ಸದ್ದೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ತಾಮ್ರದ ಹಂಡೆಯೊಂದನ್ನು ಬೋರಲಾಗಿ ತಲೆಯ ಮೇಲಿಟ್ಟುಕೊಂಡು ನೀರಿನ ತಳದಲ್ಲಿ ನಿಂತಾಗ, ಮೇಲೆ ದೋಣಿಯಲ್ಲಿ ಒಬ್ಬರು ಕೈಪಂಪು ಒತ್ತಿದರೆ ಕೇಳುವ ಸದ್ದು ಅದು. ‘ಹುಸ್ಸ್’ ಎಂದರೆ ಗಾಳಿ ಬಂತು. ‘ಟಪ್’ ಎಂದರೆ ಪಂಪಿನ ಕವಾಟ ಮುಚ್ಚಿತು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆ ಕ್ಷಣದಲ್ಲಿ ಮನುಷ್ಯರು ದೇವರನ್ನು ನೆನೆಯುತ್ತಾರೆ, ಇಲ್ಲವೇ ಪಂಪಿನವನನ್ನು. ನಾನು ಪಂಪಿನವರನ್ನೇ ನೆನೆಯುತ್ತಿದ್ದೆ. ನಮ್ಮ ಕಾನ್ವೆಂಟಿನ ಮದರ್ ಇದನ್ನು ಓದಲಾರರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಈಚೆಗೆ ಡೈವಿಂಗ್ ಕಲಿಯುವ ಇಬ್ಬರು ಹುಡುಗಿಯರು ನನ್ನನ್ನು ನೋಡಲು ಬಂದಿದ್ದರು. ನೀರಿಗಿಳಿಯುವಾಗ ಬೆನ್ನಿಗೆ ಸಿಲಿಂಡರು, ಬಾಯಿಗೆ ರಬ್ಬರು, ಕಾಲಿಗೆ ಬಾತುಕೋಳಿಯ ಪಾದ. ಹವಳದ ದಿಬ್ಬಗಳ ನಡುವೆ ಮುಳುಗಿದ ಹಡಗುಗಳನ್ನು ಸುತ್ತಿ ಬರುತ್ತಾರಂತೆ. ವಂಡರ್‌ಫುಲ್! ಅವರಲ್ಲೊಬ್ಬಳು ಕೇಳಿದಳು: “ಆಂಟಿ, ನಿಮ್ಮ ಕಾಲದಲ್ಲಿ ಉಸಿರಿಗೆ ಗಾಳಿ ಕೊಡೋಕೆ ಯಾವ ರೆಗ್ಯುಲೇಟರ್ ಇತ್ತು?”

“ಖಾದರ್ ಸಾಬ್,” ಎಂದೆ.

ಅದು ಯಾವುದೋ ವಿದೇಶಿ ಕಂಪನಿ ಇರಬೇಕೆಂದು ಅವಳು ಗಂಭೀರವಾಗಿ ತಲೆಯಾಡಿಸಿದಳು. ಅವರು ಹೋದ ಮೇಲೆ ಒಬ್ಬಳೇ ಕೂತು ನಕ್ಕೆ. ನಗು ನಿಂತ ಮೇಲೆ, ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು.

ನಮ್ಮಪ್ಪ ಹೊನ್ನಾಳಿಯ ಆಸ್ಪತ್ರೆಯಲ್ಲಿ ಕಂಪೌಂಡರ್. ನನ್ನನ್ನು ಹೊಟ್ಟೆಬಟ್ಟೆ ಕಟ್ಟಿ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದರು. ಅಲ್ಲಿ ನಾನು ಕಲಿತದ್ದು ಮೂರು: ಟೈಪಿಂಗ್, ಬೆನ್ನು ನೆಟ್ಟಗಿಟ್ಟು ಕೂರುವುದು, ಮತ್ತು ಇಂಗ್ಲಿಷ್ ಸ್ಪೆಲ್ಲಿಂಗನ್ನು ನಿದ್ದೆಯಲ್ಲೂ ಹೇಳುವುದು. ನಾಲ್ಕನೆಯದನ್ನು, ಅಂದರೆ ಈಜನ್ನು, ರಜೆಯಲ್ಲಿ ಹೊನ್ನಾಳಿಯ ಹೊಳೆಯಲ್ಲಿ ಅಮ್ಮನಿಗೆ ಗೊತ್ತಿಲ್ಲದೆ ಕಲಿತೆ. ಓದು ಮುಗಿಸಿ ಮನೆಗೆ ಬಂದಾಗ ಮೂವತ್ತರ ದಶಕ ಅರ್ಧ ಕಳೆದಿತ್ತು. ಟೀಚರಾಗಬೇಕು, ಇಲ್ಲ ಮದುವೆಯಾಗಬೇಕು. ಎರಡಕ್ಕೂ ನನ್ನ ಮನಸ್ಸಿರಲಿಲ್ಲ. ಅಷ್ಟರಲ್ಲಿ ಲೋಬೋ ಸಾಹೇಬರು ಟೈಪಿಸ್ಟ್ ಹುಡುಕುತ್ತಿದ್ದಾರೆಂದು ಸುದ್ದಿ ಬಂತು.

ಲೋಬೋ ಎಂದರೆ ಮಂಗಳೂರಿನ ಕಡೆಯವರು, ಹಡಗಿನ ಇಂಜಿನಿಯರಾಗಿದ್ದು ನಿವೃತ್ತರಾದವರು. ಹೊಳೆದಂಡೆಯಲ್ಲಿ ಮನೆ ಹಿಡಿದು, ನೀರಿನ ಕೆಳಗಿನ ಯಾವ ಕೆಲಸವಾದರೂ ಮಾಡಿಕೊಡುತ್ತೇವೆಂದು ಬೋರ್ಡು ಹಾಕಿದ್ದರು. ಕೆರೆಯ ತೂಬು ಕಚ್ಚಿಕೊಂಡರೆ ಬಿಡಿಸುವುದು, ಹೊಳೆಗೆ ಬಿದ್ದ ಯಂತ್ರ ಎತ್ತುವುದು, ಬಾವಿಯ ತಳ ನೋಡುವುದು. ಕೈಯಲ್ಲಿ ಒಂದು ಹಳೆಯ ಕೈಪಂಪು, ಉದ್ದನೆಯ ರಬ್ಬರ್ ಕೊಳವೆ, ಬಾಯಿ ತುಂಬ ಬೈಗುಳ ಇತ್ತು. ಡೈವಿಂಗ್ ಹೆಲ್ಮೆಟ್ ಮಾತ್ರ ಇರಲಿಲ್ಲ. ಮುಂಬಯಿಯಿಂದ ತರಿಸುವಷ್ಟು ಶಕ್ತಿಯೂ ಇರಲಿಲ್ಲ.

ಅದಕ್ಕೇ ನ್ಯಾಮತಿಗೆ ಹೋಗಿ ತಾಮ್ರದ ಕೆಲಸದ ಖಾದರ್ ಸಾಬರನ್ನು ಹಿಡಿದರು. “ತಲೆ, ಭುಜ ಹಿಡಿಯುವ ಪಾತ್ರೆ ಬೇಕು, ಮುಂದುಗಡೆ ಒಂದು ಕಿಟಕಿ,” ಎಂದು ವಿವರಿಸಿದರೆ, ಖಾದರ್ ಸಾಬರು ಒಳಗಿನಿಂದ ಸ್ನಾನದ ಹಂಡೆ ತಂದು ಮುಂದಿಟ್ಟರಂತೆ. “ಸಾಹೇಬ್ರೇ, ಇದಕ್ಕೆ ಕಿಟಕಿ ಕೊರೀತೀನಿ. ಬಾಗಿಲೂ ಬೇಕಾ?”

ಹಂಡೆ ಬಂತು. ಅಂಚಿಗೆ ಸೀಸದ ತೂಕ, ಮೇಲೆ ಕೊಳವೆಗೊಂದು ಮೂತಿ, ಒಳಗೆಲ್ಲ ಫಳಫಳ ಕಲಾಯಿ. ಕೆಳಗಡೆ ಪೂರ್ತಿ ತೆರೆದದ್ದು. ನೆಟ್ಟಗೆ ನಿಂತಿರುವವರೆಗೆ ಒಳಗಿನ ಗಾಳಿ ನೀರನ್ನು ಕತ್ತಿನ ಹತ್ತಿರವೇ ತಡೆದು ನಿಲ್ಲಿಸುತ್ತದೆ. ಬಗ್ಗಿದಿರೋ, ಗಾಳಿ ಗುಳುಂ ಎಂದು ಹೊರಗೆ, ನೀರು ಮೂಗಿಗೆ. ಬೆನ್ನು ನೆಟ್ಟಗಿಟ್ಟುಕೊಳ್ಳಲು ಕಲಿಸಿದ ಸಿಸ್ಟರ್‌ಗಳಿಗೆ ನಾನು ಎಷ್ಟು ಋಣಿಯೋ ಹೇಳಲಾರೆ.

ಮೊದಲ ಪರೀಕ್ಷೆ ಹೊನ್ನಾಳಿಯ ಹೊಳೆಯಲ್ಲಿ. ಪಂಪು ಒತ್ತಲು ಖಾದರ್ ಸಾಬರೇ ನಿಂತರು, ಅಂದಿನಿಂದ ಆ ಕೆಲಸ ಅವರದೇ ಆಯಿತು. ಕಿಟಕಿಯ ಗಾಜನ್ನು ಯಾವುದರಿಂದ ಕೂರಿಸುವುದು ಎಂದು ಚರ್ಚೆಯಾಗಿ, ನಮ್ಮ ಕಡೆ ಗಾರೆಯವರು ಮಾಡುವಂತೆ ಬೆಲ್ಲ, ಸುಣ್ಣ ಅರೆದು ಮೆತ್ತಿದ್ದರು. ಕಲ್ಲಿನಂತೆ ಗಟ್ಟಿಯಾಗಿತ್ತು, ಬಿಡಿ. ಲೋಬೋ ಸಾಹೇಬರೇ ಮೊದಲು ಇಳಿದರು. ಸೊಂಟದಾಳಕ್ಕೆ ಹೋಗುವಷ್ಟರಲ್ಲಿ ಹಂಡೆಯೊಳಗಿಂದ ಕೂಗು: “ಗೆಟ್ ಮಿ ಔಟ್! ಗೆಟ್ ಮಿ ಔಟ್ ಮಾರಾಯ್ರೆ!” ಎತ್ತಿ ನೋಡಿದರೆ ಮುಖದ ತುಂಬ ಕೆಂಪಿರುವೆ. ಹಂಡೆಯನ್ನು ದಂಡೆಯ ಮರದ ಕೆಳಗೆ ಇಟ್ಟಿದ್ದೆವು. ಬೆಲ್ಲದ ವಾಸನೆಗೆ ಊರ ಇರುವೆಯೆಲ್ಲ ಒಳಗೆ ಸೇರಿದ್ದವು. ಅಂದಿನಿಂದ ರಾಳ, ಮೇಣ ಬಂತು. ಲೋಬೋ ಸಾಹೇಬರು ಕಾಫಿಗೂ ಬೆಲ್ಲ ಬಿಟ್ಟರು.

ಇಳಿಯುವ ಕೆಲಸಕ್ಕೆ ಸಿಕ್ಕವನು ಜಗಳೂರು ಕಡೆಯ ಸೊಕ್ಕೆ ಎಂಬ ಊರಿನ ಹನುಮಂತಪ್ಪ. ಬಾವಿ ತೋಡುವವನು. ಹಗ್ಗ ಕಟ್ಟಿಕೊಂಡು ಪಾತಾಳಕ್ಕೆ ಇಳಿಯುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಅವನ ಊರಿನಲ್ಲಿ ನೀರು ಕುಡಿಯುವುದು ಅಷ್ಟೇನೂ ಸುಲಭವಲ್ಲ ಎಂದು ಅವನೇ ಹೇಳಿ ನಗುತ್ತಿದ್ದ. ಜಂಬದ ಮನುಷ್ಯ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ ಕಚ್ಚಿಕೊಂಡಿದ್ದ ಒಂದು ತೂಬು ಬಿಡಿಸಲು ಹೋದಾಗ, ಕೆರೆಬಿಳಚಿಯಿಂದ ನೋಡಲು ಬಂದ ಜನರ ಮುಂದೆ ಮೀಸೆ ತಿರುವಿ ಇಳಿದ. ಇಳಿದಷ್ಟೇ ಬೇಗ ಮೇಲೆ ಬಂದ. “ಕೆಳಗೆ ಯಾರೋ ಕಾಲು ಹಿಡ್ಕೊಂಡ್ರು ಕಣ್ರೀ! ಹೆಂಗಸಿನ ಕೈ ಇದ್ದಂಗೆ ಐತೆ!”

“ಬಿಡ್ಸಿಕೊಂಡು ಯಾಕ್ ಬಂದೆ? ಅಲ್ಲೇ ಸಂಸಾರ ಮಾಡಾಕೆ ಆಗ್ತಿರ್ಲಿಲ್ವಾ?” ಎಂದು ದಂಡೆಯ ಮೇಲಿನ ಮುದುಕಿಯೊಬ್ಬಳು ಕೂಗಿದಳು. ಜನ ಬಿದ್ದುಬಿದ್ದು ನಕ್ಕರು. ಮತ್ತೆ ಇಳಿದು ನೋಡಿದರೆ ನೀರಿನ ಬಳ್ಳಿ. ಅದೇ ಬಳ್ಳಿಯ ಜೊತೆ ಒಂದು ಗಾಡಿಚಕ್ರ ತೂಬಿಗೆ ಸಿಕ್ಕಿಕೊಂಡಿತ್ತು. ಹನುಮಂತಪ್ಪ ಚಕ್ರ ಬಿಡಿಸಿ, ನೀರು ಭೋರೆಂದು ಕಾಲುವೆಗೆ ಹಾರಿದಾಗ, ಅದೇ ಮುದುಕಿ ಅವನ ತಲೆ ಮುಟ್ಟಿ ದೃಷ್ಟಿ ತೆಗೆದಳು.

ನಾನು ಟೈಪ್ ಮಾಡುತ್ತಾ ಮಾಡುತ್ತಾ ಹಗ್ಗ ಹಿಡಿಯುವವಳೂ ಆದೆ. ಇಳಿದವನ ಸೊಂಟಕ್ಕೆ ಕಟ್ಟಿದ ಹಗ್ಗದಲ್ಲೇ ಎಲ್ಲ ಮಾತು. ಹಡಗಿನ ಪದ್ಧತಿಯಂತೆ ಲೋಬೋ ಕಲಿಸಿದ್ದು ಹೀಗೆ: ಒಮ್ಮೆ ಜಗ್ಗಿದರೆ ‘ಚೆನ್ನಾಗಿದ್ದೇನೆ’, ಎರಡು ಸಲ ಜಗ್ಗಿದರೆ ‘ಹಗ್ಗ ಸಡಿಲ ಬಿಡು’, ಮೂರು ಸಲವಾದರೆ ‘ಮೇಲೆತ್ತು’. ಹನುಮಂತಪ್ಪ ಗಿಣಿಯ ಹಾಗೆ ಒಪ್ಪಿಸುತ್ತಿದ್ದ. ಅಷ್ಟಾದರೆ ಸಾಕೆಂದು ನಾವು ಅಂದುಕೊಂಡಿದ್ದೆವು. ಸಂಜೆ ಹೊತ್ತು ನನಗೂ ಹಂಡೆ ಹೊರಿಸಿ, ಲೋಬೋ ತಾವೇ ಹಗ್ಗ ಹಿಡಿದು ಹೊಳೆಯಲ್ಲಿ ಇಳಿಸುತ್ತಿದ್ದರು. ಕಾನ್ವೆಂಟಿನ ಡ್ರಿಲ್ ಫ್ರಾಕು, ಕೆಳಗೆ ಅಪ್ಪನ ಪೈಜಾಮ. ಅಮ್ಮ ವಾರಗಟ್ಟಲೆ ಮಾತು ಬಿಟ್ಟಳು.

ಹೀಗಿರುವಾಗ ಒಂದು ಬೆಳಿಗ್ಗೆ ಖಾದರ್ ಸಾಬರು ನ್ಯಾಮತಿಯಿಂದ ಬಂದು, ಪಂಪಿನ ಹತ್ತಿರ ಹೋಗದೆ, ಜಗಲಿಯ ಮೇಲೆ ಟೋಪಿ ತೆಗೆದಿಟ್ಟು ಕುಸಿದು ಕೂತರು. ಅವರ ತಮ್ಮ ರಹೀಮ ಕರಾವಳಿಯ ಒಂದು ಸಣ್ಣ ಸ್ಟೀಮರಿನಲ್ಲಿ ಇಂಜಿನ್ ಡ್ರೈವರ್. ಆ ಸ್ಟೀಮರು ಭಟ್ಕಳದ ಆಚೆಗೆ ಒಂದು ನಡುಗಡ್ಡೆಯ ಪಕ್ಕದ ಹವಳದ ಬಂಡೆಗೆ ಬಡಿದು ಮುಳುಗಿತ್ತು. ಜನ ದೋಣಿಗಳಲ್ಲಿ ಪಾರಾಗಿದ್ದರು. ಆದರೆ ಕ್ಯಾಪ್ಟನ್ನು ವಿಚಾರಣೆಯಲ್ಲಿ, “ಬಂಡೆ ಕಂಡ ಕೂಡಲೇ ನಾನು ಇಂಜಿನ್ ಹಿಂದಕ್ಕೆ ತಿರುಗಿಸಲು ಗಂಟೆ ಕೊಟ್ಟು ಹಾಗೇ ಬಿಟ್ಟೆ, ಡ್ರೈವರು ನಿದ್ದೆ ಮಾಡುತ್ತಿದ್ದ,” ಎಂದು ಹೇಳಿಕೆ ಕೊಟ್ಟಿದ್ದ. ಗಂಟೆಯೇ ಬರಲಿಲ್ಲ ಎಂದು ರಹೀಮ. ಕ್ಯಾಪ್ಟನ್ನಿನ ಮಾತು ನಿಂತರೆ ರಹೀಮನಿಗೆ ಜೈಲು.

“ನಮ್ಮ ರಹೀಮ ನಿದ್ದೆ ಮಾಡಾಕೆ ಸಾಧ್ಯಾನೇ ಇಲ್ಲ ಸಾಹೇಬ್ರೇ,” ಎಂದರು ಖಾದರ್ ಸಾಬರು. “ಹುಟ್ಟಿದಾಗಿಂದ ನನ್ನ ಸುತ್ತಿಗೆ ಸದ್ದಿಗೆ ಅವನಿಗೆ ನಿದ್ದೇನೇ ಹತ್ತಿಲ್ಲ.”

ಲೋಬೋ ನಗಲಿಲ್ಲ. ಪೆನ್ಸಿಲ್ ತೆಗೆದು ನೆಲದ ಮೇಲೆ ಒಂದು ಗುಂಡನೆಯ ಚಿತ್ರ ಬರೆದರು. ಹಡಗಿನ ಮೇಲ್ಗಡೆ, ಕ್ಯಾಪ್ಟನ್ ನಿಲ್ಲುವ ಜಾಗದಲ್ಲಿ, ಕಂಬದ ಮೇಲೊಂದು ಹಿತ್ತಾಳೆಯ ಡಯಲ್ ಇರುತ್ತದೆ. ಅದರ ಸುತ್ತ ಇಂಗ್ಲಿಷಿನಲ್ಲಿ ಆಜ್ಞೆಗಳು: ಮುಂದೆ, ನಿಧಾನ, ನಿಲ್ಲಿಸು, ಹಿಂದೆ. ಕ್ಯಾಪ್ಟನ್ ಹಿಡಿಯನ್ನು ತಿರುಗಿಸಿದರೆ ಮುಳ್ಳು ಅಲ್ಲಿಗೆ ಹೋಗಿ ಗಾಡಿಯ ಬ್ರೇಕಿನ ಹಾಗೆ ಕಚ್ಚಿ ಕೂರುತ್ತದೆ, ಕೆಳಗೆ ಇಂಜಿನ್ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. “ಗಂಟೆ ಕೊಟ್ಟು ಹಾಗೇ ಬಿಟ್ಟೆ ಎಂದು ಕ್ಯಾಪ್ಟನ್ನೇ ಹೇಳಿದ್ದಾನೆ. ಹಾಗಾದರೆ ಮುಳ್ಳು ಇವತ್ತೂ ಅಲ್ಲೇ ಇರಬೇಕು. ಹೋಗಿ ನೋಡಿದರಾಯಿತು. ಸಿಂಪಲ್!”

ಸಿಂಪಲ್ ಅಲ್ಲವೆಂದು ಬಂದರಿನ ಅಧಿಕಾರಿ ಹೇಳಿ ಕಳಿಸಿದ. ಡಯಲನ್ನು ಕಿತ್ತು ತಂದರೆ ಸಾಕ್ಷಿ ಕೆಟ್ಟಂತೆ. ಇದ್ದಲ್ಲೇ ನೋಡಬೇಕು. ನೋಡುವವರು ಇಂಗ್ಲಿಷ್ ಓದಬಲ್ಲವರಾಗಿರಬೇಕು, ಆರೋಪಿಯ ನೆಂಟರಾಗಿರಬಾರದು, ಪ್ರಮಾಣ ಮಾಡಿ ಹೇಳಬೇಕು. ಹನುಮಂತಪ್ಪನಿಗೆ ಕನ್ನಡದ ಅಕ್ಷರವೂ ಬಾರದು. ಲೋಬೋ ಸಾಹೇಬರಿಗೆ ಇನ್ನು ಮುಂದೆ ನೀರಿಗಿಳಿಯಬಾರದೆಂದು ಡಾಕ್ಟರು ಎದೆ ಪರೀಕ್ಷಿಸಿ ಹೇಳಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಟೈಪ್‌ರೈಟರಿನ ಮುಚ್ಚಳ ಹಾಕಿ ಎದ್ದು ನಿಂತೆ. ಅಷ್ಟು ಖುಷಿ ನನಗೆ ಆಮೇಲೆ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಹಂಡೆ ಬಸ್ಸಿನ ಟಾಪಿನ ಮೇಲೆ ಘಟ್ಟ ಇಳಿಯಿತು. “ಮದುವೆ ಸಾಮಾನಾ ಸಾಬ್ರೇ?” ಎಂದು ಯಾರೋ ಕೇಳಿದರು. “ಹೂಂ, ನೀರು ಕಾಯಿಸಾಕೆ,” ಎಂದರು ಖಾದರ್ ಸಾಬರು. “ಮತ್ತೆ ಕಿಟಕಿ ಯಾಕ್ರೀ?” “ನೀರು ಕಾದಿದ್ಯಾ ಅಂತ ನೋಡಾಕೆ.” ದಾರಿಯುದ್ದಕ್ಕೂ ಅವರು ಆಡಿದ ತಮಾಷೆ ಅದೊಂದೇ.

ಹನುಮಂತಪ್ಪ ಸಮುದ್ರ ನೋಡಿದ್ದು ಅದೇ ಮೊದಲು. “ಇಷ್ಟೊಂದು ನೀರು ಇಟ್ಕೊಂಡು ಇವ್ರು ಏನ್ ಮಾಡ್ತಾರ್ರೀ? ನಮ್ಮ ಜಗಳೂರಿಗೆ ಒಂದು ಪಾಲು ಕಳ್ಸಾಕೆ ಏನ್ ಕಷ್ಟ?” ಎಂದು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು ಉಗಿದ. “ಥೂ! ಅದ್ಕೇ ಯಾರೂ ಒಯ್ದಿಲ್ಲ.”

ಮಳೆಗಾಲ ಕಳೆದು ಸಮುದ್ರ ತಿಳಿಯಾಗಿತ್ತು. ನಡುಗಡ್ಡೆಯ ಪಕ್ಕ ಎರಡು ದೋಣಿ. ಒಂದರಲ್ಲಿ ನಾವು. ಇನ್ನೊಂದರಲ್ಲಿ ಅಧಿಕಾರಿ, ಮತ್ತು ಬಿಳಿ ಕೋಟು ತೊಟ್ಟ ಆ ಕ್ಯಾಪ್ಟನ್. ಕೆಳಗೆ ಹಡಗು ಒಂದು ಮಗ್ಗುಲಿಗೆ ವಾಲಿ ಕೂತದ್ದು ಮೇಲಿನಿಂದಲೇ ನೆರಳಿನಂತೆ ಕಾಣುತ್ತಿತ್ತು. ಹನುಮಂತಪ್ಪ ಮೊದಲು ಇಳಿದು, ಡೆಕ್ಕಿನ ಕಟಕಟೆಗೆ ದಾರಿಹಗ್ಗ ಕಟ್ಟಿ ಬಂದ. “ಐತೆ ಮಿಸ್ಸಮ್ಮ. ಕಂಬ ಐತೆ, ಮೇಲೆ ಗಡಿಗೆ ತರ ಐತೆ. ಸುಣ್ಣ ಹಿಡಿದೈತೆ. ಉಜ್ಜಿ ನೋಡ್ರಿ.”

ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಜೋರಾಗಿಯೇ ಹೇಳಿದ: “ಬಾತ್‌ರೂಮಿನ ಪಾತ್ರೆ ಹೊತ್ತ ಈ ಹುಡುಗಿಯ ಮಾತಿನ ಮೇಲೆ ನನ್ನ ಮಾನ ನಿಂತಿದೆಯೇ?” ನಾನು ನಮ್ಮ ಮದರ್ ಕಲಿಸಿದ ಇಂಗ್ಲಿಷಿನಲ್ಲಿ, “ಪಾತ್ರೆ ಶುಭ್ರವಾಗಿದೆ ಸರ್,” ಎಂದೆ. ಖಾದರ್ ಸಾಬರು ಹಂಡೆ ಎತ್ತಿ ನನ್ನ ಭುಜದ ಮೇಲಿಟ್ಟರು. ಹನುಮಂತಪ್ಪ ನನ್ನ ಸೊಂಟದ ಹಗ್ಗ ಹಿಡಿದ. ಖಾದರ್ ಸಾಬರು ಪಂಪಿನ ಹಿಡಿ ಹಿಡಿದರು. ಹುಸ್ಸ್… ಟಪ್.

ನೀರು ಬೆಚ್ಚಗಿತ್ತು, ಕೂಸಿನ ಸ್ನಾನದ ನೀರಿನಷ್ಟು. ಹೊನ್ನಾಳಿಯ ಹೊಳೆಯಲ್ಲಿ ಕೆಳಗಿಳಿದರೆ ಕಾಣುವುದು ಕಾಫಿ. ಇಲ್ಲಿ ಕಿಟಕಿಯಾಚೆ ನಮ್ಮ ಚಾಪೆಲ್ಲಿನ ಬಣ್ಣದ ಗಾಜೆಲ್ಲ ಒಡೆದು ಜೀವ ಬಂದು ಓಡಾಡುತ್ತಿತ್ತು. ಹಳದಿ ಪಟ್ಟೆಯ ಮೀನು, ನೀಲಿ ಮೀನು, ಬೀಸಣಿಗೆಯಂತೆ ಅಗಲಿಸಿದ ಹವಳ. ಗಿಣಿಮೂತಿಯ ಮೀನುಗಳು ಬಂಡೆಯನ್ನೇ ಕಚ್ಚಿ ಅಗಿಯುವ ಸದ್ದು ಹಂಡೆಯೊಳಗೂ ಕೇಳುತ್ತಿತ್ತು: ಕಟುಂ, ಕಟುಂ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಸಾಹುಕಾರರು ಕೂತಂತೆ! ನನ್ನ ಜಡೆಯ ಕೆಂಪು ರಿಬ್ಬನ್ನು ಮಾತ್ರ ಬೂದಿಬಣ್ಣಕ್ಕೆ ತಿರುಗಿತ್ತು. ಆಳಕ್ಕೆ ಹೋದಂತೆ ಕೆಂಪು ಮೊದಲು ಸಾಯುತ್ತದೆ. ಇದನ್ನು ನಿಮಗೆ ಈಗ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ನನಗೆ ರಿಬ್ಬನ್ನು ಹೇಳಿಕೊಟ್ಟಿತು.

ದಾರಿಹಗ್ಗ ಹಿಡಿದು ವಾಲಿದ ಡೆಕ್ಕಿನ ಮೇಲೆ ನಡೆದೆ. ಮೇಲಿನ ಮರದ ಕೋಣೆಯ ಚಾವಣಿ ಹಾರಿಹೋಗಿತ್ತು. ಕಂಬ ಕಂಡಿತು. ಡಯಲ್ ಕಂಡಿತು. ಇನ್ನೊಂದೆರಡು ಹೆಜ್ಜೆ ಇಡಬೇಕು, ಸೊಂಟದ ಹಗ್ಗ ಬಿಗಿಯಾಯಿತು. ಸಾಲದು. ಲೋಬೋ ಕಲಿಸಿದಂತೆ ಎರಡು ಸಲ ಜಗ್ಗಿದೆ, ‘ಸಡಿಲ ಬಿಡು’ ಎಂದು.

ಹಗ್ಗ ಸಡಿಲವಾಗಲಿಲ್ಲ. ಆನೆಯೇ ಎಳೆದಂತೆ ಮೇಲಕ್ಕೆ ಸೆಳೆಯಿತು.

ನಾನು ಮುಂದಕ್ಕೆ ಹಾರಿ ಕಂಬವನ್ನು ತಬ್ಬಿದೆ. ಹಂಡೆ ವಾಲಿತು. ಗಾಳಿಯೆಲ್ಲ ಒಂದೇ ಬಾರಿಗೆ ಗುಳುಂ ಎಂದು ಹೊರಗೆ ಹೋಯಿತು. ಉಪ್ಪುನೀರು ಗದ್ದಕ್ಕೆ, ತುಟಿಗೆ, ಮೂಗಿಗೆ ಬಂತು. ಬಿಟ್ಟುಬಿಟ್ಟರೆ ಮೇಲೆ ಹೋಗುತ್ತೇನೆ, ಬದುಕುತ್ತೇನೆ. ಆದರೆ ಮತ್ತೊಮ್ಮೆ ಇಳಿಯಲು ಆ ಅಧಿಕಾರಿ ಬಿಡುವನೇ? ‘ಹುಡುಗಿ ಹೆದರಿ ಬಂದಳು’ ಎಂದು ಬಿಳಿ ಕೋಟು ನಗುವುದು ಕಣ್ಣಿಗೆ ಕಟ್ಟಿತು. ನಾನು ಕಂಬ ಬಿಡಲಿಲ್ಲ.

ಮೇಲೆ ನಡೆದದ್ದನ್ನು ಆಮೇಲೆ ಕೇಳಿದೆ. ದೊಡ್ಡ ಗುಳ್ಳೆಯೊಂದು ಬಂದು ಒಡೆದದ್ದನ್ನು ಖಾದರ್ ಸಾಬರು ಕಂಡರು. “ಹಗ್ಗ ಬಿಡೋ! ಹಗ್ಗ ಬಿಡೋ ಹನುಮಾ!”

“ಎಂಗ್ ಬಿಡ್ಲಿ ಸಾಬ್ರೇ? ಎಲ್ಡು ಸಲ ಜಗ್ಗವ್ರೆ! ಸಾಯಾಕೆ ಹತ್ಯಾರೆ!”

ಜಗಳೂರು ಸೀಮೆಯ ಆಳದ ಬಾವಿಗಳಲ್ಲಿ ಒಮ್ಮೊಮ್ಮೆ ಕೆಟ್ಟ ಗಾಳಿ ತುಂಬಿರುತ್ತದೆ. ಅಲ್ಲಿ ಎರಡು ಜಗ್ಗು ಎಂದರೆ ಒಂದೇ ಅರ್ಥ: ‘ಉಸಿರು ಹೋಗುತ್ತಿದೆ, ಈಗಲೇ ಎಳಿ’. ಮೂರನೆಯದಕ್ಕೆ ಯಾರೂ ಕಾಯುವುದಿಲ್ಲ. ಮೂರನೆಯದನ್ನು ಜಗ್ಗಲು ಕೆಳಗೆ ಮನುಷ್ಯನೇ ಉಳಿದಿರುವುದಿಲ್ಲ. ಹನುಮಂತಪ್ಪನ ಅಣ್ಣ ಸತ್ತದ್ದು ಹಾಗೆಯೇ. ಲೋಬೋ ಕಲಿಸಿದ್ದು ಅವನ ಬಾಯಲ್ಲಿತ್ತು, ಬಾವಿ ಕಲಿಸಿದ್ದು ಕೈಯಲ್ಲಿತ್ತು.

ಲೋಬೋ ಸಾಹೇಬರೇ ಹಾರಿ ಬಂದು ಅವನ ಕೈಯಿಂದ ಹಗ್ಗ ಕಿತ್ತು ಸಡಿಲ ಬಿಟ್ಟರು. ಖಾದರ್ ಸಾಬರು ಯಾರ ಮುಖವನ್ನೂ ನೋಡದೆ ಪಂಪು ಒತ್ತಿದರು. ಕೆಳಗೆ ನಾನು ಬೆನ್ನು ನೆಟ್ಟಗೆ ಮಾಡಿದೆ. ಹುಸ್ಸ್ ಟಪ್, ಹುಸ್ಸ್ ಟಪ್, ಹುಸ್ಸ್ ಟಪ್. ನಡುವೆ ಮೌನವೇ ಇಲ್ಲ. ನೀರು ಮೂಗು ಬಿಟ್ಟಿತು, ತುಟಿ ಬಿಟ್ಟಿತು, ಕತ್ತಿಗೆ ಇಳಿಯಿತು. ಅಂಥ ಗಾಳಿಯನ್ನು ನಾನು ಯಾವ ಗುಡ್ಡದ ಮೇಲೂ ಉಸಿರಾಡಿಲ್ಲ. ಅದಕ್ಕೆ ಕಲಾಯಿಯ ವಾಸನೆಯಿತ್ತು.

ಕೂದಲಿನ ಪಿನ್ನು ತೆಗೆದು ಡಯಲಿನ ಗಾಜಿನ ಮೇಲಿನ ಸುಣ್ಣ ಕೆರೆದೆ. ಒಂದೊಂದೇ ಅಕ್ಷರ ಬಂತು. ಎಫ್. ಯು. ಎಲ್. ಎಲ್. ಅದರ ಪಕ್ಕ ಎ. ಎಚ್. ಇ… ಹಿಡಿಯೂ ಮುಳ್ಳೂ ಅಲ್ಲೇ ಕಚ್ಚಿ ಕೂತಿದ್ದವು. ಹವಳದ ಹುಳುಗಳು ಆಗಲೇ ಅದಕ್ಕೆ ಗಾರೆ ಮೆತ್ತಿದ್ದವು. ಹಿಂದಕ್ಕೆ ಅಲ್ಲ, ಪೂರ್ತಿ ವೇಗದಲ್ಲಿ ಮುಂದಕ್ಕೆ. ಗಂಟೆ ಬಾರಿಸಿಯೇ ಇರಲಿಲ್ಲ. ನೀರಿನ ಕೆಳಗೆ, ಹಂಡೆಯೊಳಗೆ, ನಾನು ಜೋರಾಗಿ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಗಿಣಿಮೂತಿಯ ಮೀನುಗಳು ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದು ಮಾತ್ರ ನೆನಪಿದೆ.

ಮೇಲೆ ಬಂದಾಗ ಹನುಮಂತಪ್ಪ ಅಳುತ್ತಿದ್ದ. ಅಧಿಕಾರಿ ಪಕ್ಕದ ದೋಣಿಯಿಂದ ಕೇಳಿದ: “ಏನು ನೋಡಿದೆ?”

“ಫುಲ್ ಅಹೆಡ್, ಸರ್.”

“ಅವಳು ಸುಳ್ಳು ಹೇಳುತ್ತಿದ್ದಾಳೆ. ಡಯಲ್ ಮುಟ್ಟಿಯೇ ಇಲ್ಲ,” ಎಂದ ಕ್ಯಾಪ್ಟನ್. “ಹಾಗಿದ್ದರೆ ಅದರ ಮೇಲೆ ಇನ್ನೇನಿತ್ತು, ಹೇಳಲಿ.”

ನಾನು ಒದ್ದೆ ಪೈಜಾಮದಲ್ಲೇ, ಕೈ ಹಿಂದೆ ಕಟ್ಟಿ, ರೆಸಿಟೇಶನ್ ಕ್ಲಾಸಿನಲ್ಲಿ ನಿಂತಂತೆ ನಿಂತೆ. ಡಯಲಿನ ಮೇಲಿದ್ದ ಒಂದೊಂದು ಪದವನ್ನೂ ಎಡದಿಂದ ಬಲಕ್ಕೆ ಹೇಳಿದೆ. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ತಯಾರಕರ ಊರಿನ ಹೆಸರನ್ನು ಸ್ಪೆಲ್ಲಿಂಗ್ ಸಮೇತ ಹೇಳಿದೆ. ಗಾಜಿನ ಮೂಲೆಯಲ್ಲಿ ಹಳೆಯ ಬಿರುಕೊಂದಿದೆ, ಅದು ಯಾವ ಅಕ್ಷರದ ಮೇಲೆ ಹಾದುಹೋಗಿದೆ, ಅದನ್ನೂ ಹೇಳಿದೆ. ಬಿರುಕಿನ ಮಾತು ಬಂದಾಗ ಕ್ಯಾಪ್ಟನ್ ದೋಣಿಯ ಹಲಗೆಯ ಮೇಲೆ ಕೂತುಬಿಟ್ಟ. ಅಧಿಕಾರಿ ಅವನ ಕಡೆಯೇ ನೋಡುತ್ತಿದ್ದ. ನನ್ನನ್ನು ಮತ್ತೇನೂ ಕೇಳಲಿಲ್ಲ.

ರಹೀಮನಿಗೆ ಲೈಸೆನ್ಸು ವಾಪಸ್ ಬಂತು. ಮತ್ತೊಂದು ಸ್ಟೀಮರು ಹತ್ತಿದ. ಹೋಗುವ ಮುಂಚೆ ನ್ಯಾಮತಿಯ ಮನೆಯಲ್ಲಿ ಬಿರಿಯಾನಿ ಮಾಡಿಸಿ, ತಾನೇ ಬಡಿಸಿ, “ಅಕ್ಕ, ಇನ್ನೊಂದು ಸ್ವಲ್ಪ, ಅಕ್ಕ,” ಎನ್ನುತ್ತಾ ನನ್ನ ಹೊಟ್ಟೆ ಮುಳುಗಿಸಿದ.

ಭಟ್ಕಳದಿಂದ ವಾಪಸ್ ಬರುವ ಬಸ್ಸಿನಲ್ಲೇ ಲೋಬೋ ಸಿಗ್ನಲ್ ಬದಲಾಯಿಸಿದರು. ಹನುಮಂತಪ್ಪನನ್ನು ಬೈಯುತ್ತಾರೆಂದು ನಾನು ಕಾದಿದ್ದೆ. “ಬೈದರೆ ಅವನ ಬಾಯಿ ಕಲಿಯುತ್ತದೆ ಮಾರಾಯ್ತಿ, ಕೈ ಕಲಿಯುವುದಿಲ್ಲ,” ಎಂದರು. ಅಂದಿನಿಂದ ನಮ್ಮಲ್ಲಿ ಎರಡು ಜಗ್ಗು ಎಂದರೆ ಮೇಲೆತ್ತು, ಮೂರು ಎಂದರೆ ಸಡಿಲ ಬಿಡು. ಮುಂದೆ ನಾನು ಕಲಿಸಿದಲ್ಲೆಲ್ಲ ಇದನ್ನು ‘ಜಗಳೂರು ಪದ್ಧತಿ’ ಎಂದೇ ಕಲಿಸಿದೆ. ನೀವೂ ಜೊತೆಗಾರರೊಡನೆ ಇಳಿಯುವ ಮೊದಲು ಕೇಳಿಕೊಳ್ಳಿ: ಹೆದರಿದಾಗ ನಿಮ್ಮ ಕೈ ಯಾವ ಭಾಷೆ ಮಾತಾಡುತ್ತದೆ? ಇನ್ನೊಂದು ಮಾತು. ಮೇಲೆ ಬರುವಾಗ ಉಸಿರು ಹಿಡಿಯಬೇಡಿ, ಏರಿದಂತೆ ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಬಾಯಿ ತೆರೆದು ‘ಆ’ ಎನ್ನುತ್ತಾ ಬನ್ನಿ. ಸಿಲಿಂಡರ್ ಎಷ್ಟೇ ಹೊಸದಾಗಿರಲಿ, ಎದೆ ಹಳೆಯದೇ.

ಯುದ್ಧ ಬಂತು. ಬಂದರುಗಳಲ್ಲಿ ಮುಳುಗುವ ಕೆಲಸದವರಿಗೆ ಬೇಡಿಕೆ ಬಂತು. ಹಗ್ಗ ಹಿಡಿಯುವವರಿಗೆ ತರಬೇತಿ ಕೊಡಲು ನನ್ನನ್ನು ಮುಂಬಯಿಗೆ ಕರೆದರು. ಅಲ್ಲಿ ನಿಜವಾದ ಹೆಲ್ಮೆಟ್ ಹಾಕಿದೆ, ಬೋಲ್ಟು, ನಟ್ಟು, ದಪ್ಪ ಗಾಜು, ಟೆಲಿಫೋನು ಎಲ್ಲ ಇದ್ದದ್ದು. ಬಡ್ತಿಗಳೂ ಬಂದವು. ಅವುಗಳ ಕಥೆ ಬಿಡಿ, ಕಾಗದ ದಂಡ.

ಖಾದರ್ ಸಾಬರನ್ನು ನಾನು ಕೊನೆಯ ಸಲ ನೋಡಿದ್ದು ಮುಂಬಯಿಗೆ ಹೊರಟ ಆ ದಿನ, ಹೊನ್ನಾಳಿಯ ಬಸ್ ನಿಲ್ಲುವ ಜಾಗದಲ್ಲಿ. ಅಮ್ಮ ಬುತ್ತಿ ಕೊಟ್ಟಳು. ಹನುಮಂತಪ್ಪ ಟಾಪಿನ ಮೇಲೆ ನನ್ನ ಟ್ರಂಕು ಕಟ್ಟಿ, ಗಂಟು ಬಿಗಿದಿದೆಯೇ ಎಂದು ಎರಡು ಸಲ ಜಗ್ಗಿ, ನನ್ನ ಕಡೆ ನೋಡಿ ಹಲ್ಲು ಕಿರಿದ. ಖಾದರ್ ಸಾಬರು ಮಾತ್ರ ಜನರ ಹಿಂದೆ ದೂರ ನಿಂತಿದ್ದರು. ನಾನು ಕಿಟಕಿಯಿಂದ ಕೈ ಬೀಸಿದೆ. ಅವರು ಬೀಸಲಿಲ್ಲ.

ಬಸ್ಸು ಹೊರಟಿತು. ಆಗ ಅವರು ಎರಡೂ ಕೈ ಮುಂದಕ್ಕೆ ಚಾಚಿ, ಇಲ್ಲದ ಹಿಡಿಯೊಂದನ್ನು ಹಿಡಿದು, ಒತ್ತತೊಡಗಿದರು. ಕೆಳಗೆ, ಮೇಲೆ. ಕೆಳಗೆ, ಮೇಲೆ. ನಾನು ಕಿಟಕಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ. ತಿರುವಿನಲ್ಲಿ ಧೂಳು ಅವರನ್ನು ಮುಚ್ಚುವವರೆಗೂ ಆ ಕೈ ನಿಲ್ಲಲಿಲ್ಲ.